ರುಚಿ ನೋಡದ ಸಾರು

"ನಿನ್ನಿ ಸಾರು ಯಾರು ಮಾಡಿದ್ರೀ ಅಮ್ಮಾರ?" ಎಂದು ಆಸ್ಪತ್ರೆಯ ಸಿಸ್ಟರ್ ರೇಣುಕವ್ವ ಭಜನಾ ಮಂಡಳಿಯ ಗೇಟಿನಾಚೆ ನಿಂತು ಕೇಳಿದಾಗ ಸರಸ್ವತಮ್ಮ ಅನ್ನದ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿದ್ದರು. ಮಾಸ್ಕಿನೊಳಗೇ ನಕ್ಕರು. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಸೆರಗು ಸರಿಮಾಡಿಕೊಂಡು, "ಯಾಕೆ ಸಿಸ್ಟರ್, ಏನಾಯ್ತು?" ಎಂದು ರಾಗವಾಗಿ ಕೇಳಿದರು.

"ಏನ್ ಸಾರ್ರೀ ಅದು! ಮ್ಯಾಲಿನ ವಾರ್ಡಿನ್ಯಾಗ ಎರಡು ದಿನದಿಂದ ಏನೂ ಒಲ್ಲೆ ಅಂತಿದ್ದ ಅಜ್ಜಾರು ಲೋಟಾದಾಗ ಹಾಕಿಸ್ಕೊಂಡು ಕುಡದ್ರು. ನಮ್ಮ ಹುಡುಗ್ಯಾರಿಗೆ ಒಂದು ಹನಿ ಉಳೀಲಿಲ್ಲ ನೋಡ್ರಿ."

ಆಗ ಸರಸ್ವತಮ್ಮನಿಗೆ ನೆನಪಾಯಿತು. ನಿನ್ನೆ ವೈಕುಂಠ ಏಕಾದಶಿ. ಅವರು ಉಪವಾಸವಿದ್ದು ಮನೆಯಲ್ಲಿ ಪೂಜೆಗೆ ಕೂತಿದ್ದರು. ಇಲ್ಲಿ ಒಲೆಯ ಮುಂದೆ ನಿಂತಿದ್ದವಳು ಹಂಸಾ.

"ನಾನೇ ಸಿಸ್ಟರ್, ಆಂಟಿ ಹೇಳ್ಕೊಟ್ಟ ಹಾಗೇ ಮಾಡಿದ್ದು," ಎಂದಳು ಹಂಸಾ, ಪಲ್ಯದ ಪಾತ್ರೆ ಹಿಡಿದು ಒಳಗಿನಿಂದ ಬರುತ್ತ. ಆ ಮಾತಿನಿಂದ ಸರಸ್ವತಮ್ಮನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ಉರಿಯಿತು. ತಾನು ಹೇಳಿಕೊಟ್ಟ ಹಾಗೇ ಮಾಡಿದ್ದರೆ, ತಾನು ಮಾಡಿದ ದಿನ ಆ ಅಜ್ಜ ಯಾಕೆ ಲೋಟದಲ್ಲಿ ಕುಡಿಯಲಿಲ್ಲ?

ಬನಶಂಕರಿ ಎರಡನೇ ಹಂತದ ಆ ಆಸ್ಪತ್ರೆಗೂ ಮಂಡಳಿಗೂ ನಡುವೆ ಎರಡೇ ರಸ್ತೆ. ಜನವರಿಯ ಚಳಿಯ ಜೊತೆಗೇ ಕೊರೊನಾದ ಮೂರನೇ ಅಲೆ ಬಂದು, ಎರಡು ವಾರದಲ್ಲಿ ಅಲ್ಲಿಯ ನರ್ಸುಗಳಲ್ಲಿ ಅರ್ಧ ಜನ ಹಾಸಿಗೆ ಹಿಡಿದಿದ್ದರು. ಕ್ಯಾಂಟೀನಿನ ಅಡುಗೆಯವರೆಲ್ಲ ಒಟ್ಟಿಗೇ ಪಾಸಿಟಿವ್ ಆಗಿ ಅದಕ್ಕೂ ಬೀಗ ಬಿದ್ದಿತ್ತು. ಉಳಿದವರು ಡಬಲ್ ಡ್ಯೂಟಿ ಮಾಡುತ್ತ ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದಾರೆಂದು ಕೇಳಿ, ದಿನಾ ಮಧ್ಯಾಹ್ನ ರೋಗಿಗಳೂ ಸೇರಿ ತೊಂಬತ್ತು ಜನರ ಊಟ ನಾವು ಕೊಡುತ್ತೇವೆಂದು ಮಂಡಳಿಯವರು ಮುಂದೆ ಬಂದರು. ಮಂಡಳಿಯವರು ಅಂದರೆ ಸರಸ್ವತಮ್ಮ. ಹಾಗೆಂದು ಅವರೇನೂ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ.

ಆ ಅಡುಗೆಮನೆಗೆ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ದೇವರಿಗೆ ನೈವೇದ್ಯವಾಗುವ ತನಕ ಯಾರೂ ರುಚಿ ನೋಡಕೂಡದು. ನೈವೇದ್ಯ ಮುಗಿದದ್ದೇ ತಡ ಡಬ್ಬಿ ತುಂಬಬೇಕು, ಹನ್ನೆರಡಕ್ಕೆ ಆಸ್ಪತ್ರೆಯ ವ್ಯಾನು ಬಂದು ನಿಲ್ಲುತ್ತದೆ. ಅಡುಗೆ ಮಾಡಿದವರು ಊಟಕ್ಕೆ ತಂತಮ್ಮ ಮನೆಗೆ ಹೋಗುತ್ತಾರೆ. ಹೀಗಾಗಿ ಉಪ್ಪು, ಹುಳಿ, ಖಾರ ಎಲ್ಲದಕ್ಕೂ ಸರಸ್ವತಮ್ಮನ ಮೂಗೇ ಸುಪ್ರೀಂ ಕೋರ್ಟು. ಕುದಿಯುವ ಪಾತ್ರೆಯ ಮೇಲೆ ಬಾಗಿ, ಕಣ್ಣು ಮುಚ್ಚಿ ಆವಿ ಎಳೆದುಕೊಂಡು, "ಇನ್ನರ್ಧ ಹಿಡಿ ಉಪ್ಪು ಬೀಳ್ಬೇಕು" ಎಂದರೆ ಮುಗಿಯಿತು. ಉಪ್ಪಿಗೆಲ್ಲಿಯ ವಾಸನೆ ಎಂದು ಅವರ ಗಂಡ ಅನಂತಪದ್ಮನಾಭ ಮೂವತ್ತೆಂಟು ವರ್ಷದಿಂದ ವಾದಿಸುತ್ತಿದ್ದಾರೆ, ಮೂವತ್ತೆಂಟು ವರ್ಷದಿಂದ ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಲೂ ಇದ್ದಾರೆ.

ಹಂಸಾಳನ್ನು ಮಂಡಳಿಗೆ ಕರೆತಂದವರೂ ಸರಸ್ವತಮ್ಮನೇ. ಹಿಂದಿನ ರಸ್ತೆಗೆ ಬಾಡಿಗೆಗೆ ಬಂದ ಹುಡುಗಿ, ಪಾಪ, ಯಾರೂ ಪರಿಚಯವಿಲ್ಲ ಎಂದು ಕೈಹಿಡಿದು ತಂದು ಕೂರಿಸಿದ್ದರು. ಈಗ ನೋಡಿದರೆ ಆಸ್ಪತ್ರೆಯವರ ಮಾತಿನ ಮೇಲೆ ದಿನ ಬಿಟ್ಟು ದಿನ ಸಾರು ಹಂಸಾಳ ಪಾಲಿಗೆ ಹೋಯಿತು. ಎಲ್ಲರೂ ಅದನ್ನು "ನಿಮಗೂ ಸ್ವಲ್ಪ ರೆಸ್ಟ್ ಆಗುತ್ತಲ್ಲ ಸರಸ್ವತಮ್ಮ" ಎಂದು ಸಕ್ಕರೆ ಹಾಕಿ ಹೇಳಿದರು. ರೆಸ್ಟಂತೆ! ಅವರೇನು ಕೇಳಿದ್ದರೇ? ಹಂಸಾಳ ದಿನ ಡಬ್ಬಿಗಳು ತೊಳೆದಿಟ್ಟಂತೆ ವಾಪಸು ಬರುತ್ತಿದ್ದವು. ತಮ್ಮ ದಿನದ ಡಬ್ಬಿಗಳನ್ನು ಸರಸ್ವತಮ್ಮ ಒಂದೊಂದಾಗಿ ತೆರೆದು, ತಳದಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಶುರುಮಾಡಿದರು.

"ಏನಮ್ಮಾ ಹುಡುಕ್ತಾ ಇದ್ದೀರಾ?" ಎಂದು ತರಕಾರಿ ಹೆಚ್ಚಲು ಸಿದ್ದಾಪುರದಿಂದ ಬರುತ್ತಿದ್ದ ಲಕ್ಷ್ಮಮ್ಮ ಕೇಳಿದಳು.

"ಏನಿಲ್ಲ, ನೀನು ನಿನ್ನ ಬೀನ್ಸ್ ನೋಡ್ಕೋ."

ಸಂಕ್ರಾಂತಿ ಕಳೆದ ನಾಲ್ಕನೇ ದಿನ ಗಂಟಲು ಕೆರೆಯಿತು. ಚಳಿಗೆ ಇರಬೇಕು ಎಂದು ಸರಸ್ವತಮ್ಮ ಕಷಾಯ ಕುಡಿದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಒಗ್ಗರಣೆಗೆ ಇಂಗು ಹಾಕಿದರೆ ಸದ್ದು ಬಂತು, ವಾಸನೆ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದರು. ಕಾಫಿಪುಡಿ ಮೂಸಿದರು. ಊದುಬತ್ತಿ ಹಚ್ಚಿ ಹೊಗೆ ಕಣ್ಣಿಗೆ ಹೋಗುವಷ್ಟು ಹತ್ತಿರ ಹಿಡಿದರು. ಕಣ್ಣಲ್ಲಿ ನೀರು ಬಂತು, ಅಷ್ಟೇ. ಇದೇನೆಂದು ಅವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಎರಡು ವರ್ಷದಿಂದ ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಬಾಯಿ ಬಿಟ್ಟರೆ ಹದಿನೈದು ದಿನ ಮನೆ, ಮತ್ತೆ ಆ ಹದಿನೈದು ದಿನವೂ ಸಾರು ಅವಳದು. ಹದಿನೈದು ದಿನ ಕಳೆದ ಮೇಲೆ ಸರಸ್ವತಮ್ಮ ಬೇಕೆಂದು ಯಾರಿಗೆ ನೆನಪಿರುತ್ತದೆ? ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡು, ಲಕ್ಷ್ಮಮ್ಮನಿಂದ ಒಂದು ಮಾರು ದೂರ ಕೂತರೆ ಏನೂ ಆಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಹೋದರು. ಆ ದಿನದ ಸಾರನ್ನು ಕೈಯಳತೆಯಲ್ಲೇ ದಾಟಿಸಿದರು.

ಮರುದಿನ ಹಂಸಾಳ ಸರದಿ. ಸಾರು ಮರಳುತ್ತಿರುವಾಗ ಅವಳಿಗೆ ಮನೆಯಿಂದ ಫೋನು ಬಂತು, ಮಗಳಿಗೆ ಆನ್‌ಲೈನ್ ಕ್ಲಾಸಿನ ಲಿಂಕ್ ಸಿಗುತ್ತಿಲ್ಲವೆಂದು. ಮಾತಾಡಿ ಬಂದವಳು ಉಪ್ಪಿನ ಡಬ್ಬದ ಮುಂದೆ ನಿಂತುಬಿಟ್ಟಳು.

"ಅಯ್ಯೋ, ಉಪ್ಪು ಹಾಕಿದ್ನಾ ಇಲ್ವಾ? ಲಕ್ಷ್ಮಮ್ಮ, ನೀವು ನೋಡಿದ್ರಾ?"

"ನಾ ಈ ಕಡೆ ತಿರುಗಿದ್ದೆ ಕಣವ್ವಾ."

"ಆಂಟಿ, ಒಂದ್ಸಲ ನೀವೇ ಬಂದು ನೋಡಿ ಹೇಳಿ. ನೀವು ಹೇಳಿದ್ರೆ ನಂಗೆ ಧೈರ್ಯ."

ಸರಸ್ವತಮ್ಮ ಎದ್ದುಬಂದರು. ಎಂದಿನಂತೆ ಬಾಗಿದರು, ಮಾಸ್ಕ್ ಒಂದಿಷ್ಟು ಇಳಿಸಿ ಕಣ್ಣು ಮುಚ್ಚಿದರು. ಬಿಸಿ ಆವಿ ಮುಖಕ್ಕೆ ಹೊಡೆಯಿತು. ಬಿಸಿನೀರಿನ ಹಂಡೆಯ ಮೇಲೆ ಬಾಗಿದ್ದರೂ ಇಷ್ಟೇ ತಿಳಿಯುತ್ತಿತ್ತು. ಗೊತ್ತಾಗುತ್ತಿಲ್ಲ ಕಣೇ ಎನ್ನಬಹುದಿತ್ತು. ಅದನ್ನು ಇವಳೆದುರಿಗೆ, ಇವಳ ಸಾರಿನ ಮುಂದೆ ಹೇಳುವುದೇ? ಪಕ್ಕದಲ್ಲಿ ಹಂಸಾ ಶಾಲೆಯ ಮಗುವಿನಂತೆ ಕಾಯುತ್ತಿದ್ದಳು. ಹಾಕಿದ್ದರೆ ಹಾಕಿರಲಿ, ಹಾಳಾದರೆ ಅವಳ ಸಾರು ತಾನೇ ಹಾಳಾಗುವುದು, ನನಗೇನು? ಈ ಮಾತು ಅವರ ಮನಸ್ಸಿಗೆ ಬಂತು. ಬಂದದ್ದು ಅವರಿಗೆ ಗೊತ್ತೂ ಆಯಿತು.

"ಹಾಕಿಲ್ಲ. ಹಾಕು," ಎಂದರು.

ಹಂಸಾ ಎರಡು ಹಿಡಿ ಹಾಕಿ ತಿರುವಿದಳು. ನೈವೇದ್ಯವಾಯಿತು. ದೇವರಂತೂ ಎಂದೂ ದೂರು ಹೇಳಿದವನಲ್ಲ. ವ್ಯಾನು ಬಂದು ಹೋಯಿತು.

ನಾಲ್ಕು ಗಂಟೆಗೆ ಮರುದಿನದ ತರಕಾರಿ ಬಿಡಿಸುತ್ತ ಮೂವರೂ ಕೂತಿದ್ದಾಗ ರೇಣುಕವ್ವ ತಾನೇ ನಡೆದುಬಂದಳು. ಕೈಯಲ್ಲಿ ಮುಚ್ಚಳವನ್ನೂ ಸರಿಯಾಗಿ ಹಾಕದ ಒಂದು ಡಬ್ಬಿ. ಕಣ್ಣು ನಿದ್ದೆಯಿಲ್ಲದೆ ಕೆಂಪಗಾಗಿದ್ದವು.

"ಇದೇನ್ರೀ ಇದು? ಸಮುದ್ರದ ನೀರ ಕಾಸಿ ಕಳಿಸೀರೇನು? ಬಿಪಿ ಇದ್ದವರು ಅದಾರ, ಹಾರ್ಟಿನವರು ಅದಾರ. ಆ ಅಜ್ಜಾರು ಸಾರು ಅಂತ ಆಸೀಲೆ ಬಾಯಿಗಿಟ್ಟು ಎಲ್ಲಾ ಕಾರಿದ್ರು. ಮತ್ತ ಸಲಾಯಿನ್ ಹಚ್ಚೀವಿ. ತೊಂಬತ್ತು ಡಬ್ಬಿ ಸಾರು ಚೆಲ್ಲೀವ್ರಿ. ನಮ್ಮ ಹುಡುಗ್ಯಾರು ಎಂಟು ತಾಸು ನೀರ ಕುಡೀದಂಗ ಆ ಪಿಪಿಇ ಡ್ರೆಸ್ಸಿನಾಗ ನಿಂತು ಬಂದು, ಬರೇ ಅನ್ನ ಮಜ್ಜಿಗಿ ಉಂಡ್ರು." ಡಬ್ಬಿಯನ್ನು ತರಕಾರಿಯ ನಡುವೆ ಕುಕ್ಕಿದಳು. "ಯಾರ್ರೀ ಇವತ್ತ ಮಾಡಿದ್ದು?"

ಲಕ್ಷ್ಮಮ್ಮ ಅವರೆಕಾಯಿ ಬಿಟ್ಟು ಸರಸ್ವತಮ್ಮನ ಮುಖವನ್ನೇ ನೋಡಿದಳು. ಹಂಸಾ ಎದ್ದು ನಿಂತಳು.

"ನಾನು ಸಿಸ್ಟರ್. ನಂದೇ ತಪ್ಪು, ಎರಡು ಸಲ ಉಪ್ಪು ಬಿದ್ದುಹೋಯ್ತು. ಕ್ಷಮಿಸಿಬಿಡಿ."

ಅಷ್ಟೇ. ಆಂಟಿ ಹೇಳಿದರು ಎನ್ನಲಿಲ್ಲ, ಅವರ ಕಡೆ ತಿರುಗಿಯೂ ನೋಡಲಿಲ್ಲ.

"ನಾಳಿಂದ ನೀವ ಮಾಡ್ರಿ ಅಮ್ಮಾರ," ಎಂದಳು ರೇಣುಕವ್ವ ಸರಸ್ವತಮ್ಮನಿಗೆ. "ದಿನಾನೂ ನೀವ ಮಾಡ್ರಿ. ಈಕಿ ಕೈಗೆ ಕೊಡಬ್ಯಾಡ್ರಿ."

ಯಾವ ಮಾತಿಗಾಗಿ ವಾರದಿಂದ ಹೊಟ್ಟೆ ಉರಿದುಕೊಂಡಿದ್ದರೋ ಅದೇ ಮಾತು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಸರಸ್ವತಮ್ಮ ಹಂಸಾಳನ್ನು ನೋಡಿದರು. ಅವಳ ಕಣ್ಣು ತುಂಬಿತ್ತು, ಆದರೂ ನೆಟ್ಟಗೆ ನಿಂತಿದ್ದಳು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ ಹೋಗಬೇಕೇ! ಸಾರು ಹೋಯಿತು, ಡಬ್ಬಿ ಹೋಯಿತು, ಇದನ್ನೂ ಇವಳೇ ಹೊಡೆದುಕೊಂಡು ಹೋಗುತ್ತಾಳಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು.

"ಅವಳದ್ದಲ್ಲ ತಪ್ಪು," ಎಂದರು ಜೋರಾಗಿ. "ಅವಳು ಕೇಳಿದ್ಲು. ಎರಡನೇ ಸಲ ಹಾಕು ಅಂದಿದ್ದು ನಾನು."

"ನೀವಾ? ನಿಮ್ಮ ಮೂಗಿಗೇ ತಿಳೀಲಿಲ್ಲೇನ್ರಿ?"

"ನಿನ್ನೆ ಬೆಳಿಗ್ಗೆಯಿಂದ ನಂಗೆ ಯಾವ ವಾಸನೇನೂ ಗೊತ್ತಾಗ್ತಿಲ್ಲ. ಗಂಟಲೂ ನೋವಿದೆ. ಯಾರಿಗೂ ಹೇಳ್ಲಿಲ್ಲ."

ರೇಣುಕವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಲಕ್ಷ್ಮಮ್ಮ ಕೂತಲ್ಲಿಂದಲೇ ಮಣೆ ಸಮೇತ ಗೋಡೆಯ ಕಡೆ ಜರುಗಿ, ಸೆರಗನ್ನು ಮಾಸ್ಕಿನ ಮೇಲೆ ಒತ್ತಿಕೊಂಡಳು. "ನಂಗೆ ಉಬ್ಬಸ ಐತೆ ಅಂತ ನಿಮ್ಗೆ ಗೊತ್ತಿತ್ತಲ್ಲಮ್ಮಾ," ಎಂದಳು ಮೆಲ್ಲಗೆ. ಸರಸ್ವತಮ್ಮನಿಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ಹೋಗಿ ನಿಂತರು. ಹಂಸಾ ಮಾತ್ರ "ಆಂಟೀ" ಎಂದು ಒಂದು ಹೆಜ್ಜೆ ಮುಂದೆ ಬಂದಳು, ಅದನ್ನು ಸರಸ್ವತಮ್ಮನಿಗೆ ಸಹಿಸಲಾಗಲಿಲ್ಲ. "ಅಲ್ಲೇ ಇರೇ! ಬುದ್ಧಿ ಇಲ್ವಾ?" ಎಂದು ಗದರಿದರು.

ಟೆಸ್ಟ್ ಪಾಸಿಟಿವ್ ಬಂತು. ಅಡುಗೆಮನೆ ಎರಡು ದಿನ ಮುಚ್ಚಿತು. ಅನಂತಪದ್ಮನಾಭರಿಗೂ ಹಂಸಾಳಿಗೂ ನೆಗೆಟಿವ್, ಲಕ್ಷ್ಮಮ್ಮನಿಗೆ ಜ್ವರ. ಮಹಡಿಯ ಕೋಣೆಯಲ್ಲಿ ಒಬ್ಬರೇ ಕೂತು ಸರಸ್ವತಮ್ಮ ದಿನಕ್ಕೆ ಮೂರು ಸಲ ಲಕ್ಷ್ಮಮ್ಮನ ಮನೆಗೆ ಫೋನು ಮಾಡಿ, ಉಸಿರು ಹೇಗಿದೆ, ಆಕ್ಸಿಜನ್ ಎಷ್ಟು ತೋರಿಸುತ್ತಿದೆ ಎಂದು ಕೇಳುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಫೋನನ್ನು ಲಕ್ಷ್ಮಮ್ಮನೇ ಎತ್ತಿ, "ಜ್ವರ ಇಳೀತು ಬಿಡಿ. ಎಷ್ಟು ಸಲ ಮಾಡ್ತೀರಾ?" ಎಂದು ಸಿಡುಕಿದಳು. ಫೋನಿಟ್ಟು ಸರಸ್ವತಮ್ಮ ಒಂದಿಷ್ಟು ಹೊತ್ತು ಅತ್ತರು.

ಅದೇ ದಿನ ಹನ್ನೊಂದೂವರೆಗೆ ಹಂಸಾಳ ಫೋನು ಬಂತು.

"ಆಂಟಿ, ಇವತ್ತಿಂದ ಅಡುಗೆ ಶುರು ಮಾಡಿದ್ವಿ. ಸಾರು ಕುದೀತಾ ಇದೆ. ಭಯ ಆಗ್ತಿದೆ ಆಂಟಿ, ಉಪ್ಪು ಸರಿ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಅಳತೆ ಹೇಳ್ತೀನಿ, ಕೇಳಿ ಹೇಳ್ತೀರಾ?"

ಫೋನಿನಲ್ಲಿ ಸಾರು ಮರಳುವ ಸದ್ದು ಕೇಳಿಸುತ್ತಿತ್ತು. ಸರಿ ಇರುತ್ತೆ, ಕಳಿಸು ಎನ್ನುವ ಮಾತು ಸರಸ್ವತಮ್ಮನ ನಾಲಿಗೆಯ ತುದಿಗೇ ಬಂದಿತ್ತು.

"ಸೌಟಲ್ಲಿ ಒಂದು ತೊಟ್ಟು ಅಂಗೈಗೆ ಹಾಕ್ಕೋ," ಎಂದರು.

"ಇನ್ನೂ ನೈವೇದ್ಯ ಆಗಿಲ್ಲ ಆಂಟಿ."

"ಗೊತ್ತು ಕಣೇ. ಹಾಕ್ಕೊಂಡು ಬಾಯಿಗೆ ಬಿಟ್ಕೋ. ದೇವರ ಹತ್ರ ನಾನು ಮಾತಾಡ್ಕೋತೀನಿ. ಇನ್ಮೇಲೆ ದಿನಾ ಹಾಗೇ ಮಾಡು."

ಸೌಟು ಪಾತ್ರೆಯ ಅಂಚಿಗೆ ತಾಗಿದ ಸದ್ದು ಬಂತು. ಹಂಸಾ ಅಂಗೈಯನ್ನು ಉಫ್ ಉಫ್ ಎಂದು ಊದಿದಳು. ಒಂದು ಚೂರು, ಒಂದೇ ಒಂದು ಚೂರು ಏನಾದರೂ ಕಮ್ಮಿಯಾಗಿರಲಿ ದೇವರೇ ಎಂದು ಸರಸ್ವತಮ್ಮ ಕಣ್ಣು ಮುಚ್ಚಿ ಬೇಡಿಕೊಂಡರು.

"ಸರಿಯಾಗಿದೆ ಆಂಟಿ," ಎಂದಳು ಹಂಸಾ.

"ಸರಿ, ನೈವೇದ್ಯ ಮಾಡಿ ಡಬ್ಬಿ ತುಂಬಿಸು. ವ್ಯಾನು ಬರೋ ಹೊತ್ತಾಯ್ತು."

ಹಂಸಾ ಫೋನು ಕಟ್ ಮಾಡುವುದನ್ನು ಮರೆತು ಪಕ್ಕದಲ್ಲಿಟ್ಟಳು. ಸರಸ್ವತಮ್ಮನೂ ಕಟ್ ಮಾಡಲಿಲ್ಲ. ಕಿವಿಗೊತ್ತಿ ಹಿಡಿದುಕೊಂಡೇ ಇದ್ದರು. ಆ ಕಡೆಯಿಂದ ಸೌಟಿನ ಸದ್ದು ಮತ್ತೊಮ್ಮೆ ಬಂತು, ಅದರ ಹಿಂದೆಯೇ ಹಂಸಾ ಇನ್ನೊಂದು ತೊಟ್ಟನ್ನು ಸೊರ್ರನೆ ಎಳೆದುಕೊಂಡದ್ದೂ ಕೇಳಿಸಿತು.