ಹುಳುಮನೆಗೆ ತರದ ಪಂಪು

"ಪದ್ಮಿನಿ ಓದ ದಾರೀಲೇ ನಾನೂ ಓಯ್ತೀನಿ." ಮುಳ್ಳೂರಿನ ಚನ್ನಮಲ್ಲಮ್ಮನ ಬಾಯಲ್ಲಿ ಈಗೀಗ ಇದೊಂದೇ ಮಾತು.

ಪದ್ಮಿನಿ ಅವಳ ಗಂಡ ಶಿವನಂಜಯ್ಯನ ಒಬ್ಬಳೇ ತಂಗಿ. ಯಳಂದೂರಿನ ಕಡೆಗೆ ಕೊಟ್ಟಿದ್ದರು. ಅವಳಿಗೂ ಇದೇ ಉಬ್ಬಸ, ಡಾಕ್ಟರು ಅಸ್ತಮಾ ಅನ್ನುತ್ತಾರಲ್ಲ, ಅದೇ. ಹೋದ ವರ್ಷ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಅಲ್ಲೇ ಕುಸಿದಳು, ಮತ್ತೆ ಏಳಲಿಲ್ಲ. ಹಣೆಬರಹ ಅಂದರು ಎಲ್ಲರೂ. ಶಿವನಂಜಯ್ಯನೂ ಹಾಗೇ ಅಂದು, ಆಮೇಲೆ ಅವಳ ಹೆಸರನ್ನೇ ಎತ್ತಲಿಲ್ಲ.

ಇವರ ಮನೆಯಲ್ಲೂ ರೇಷ್ಮೆಯೇ ಅನ್ನ. ಹುಳುವಿನ ಮೇಲೆ ಸುಣ್ಣದ ಪುಡಿ ಎರಚಿದರೆ ಚನ್ನಮಲ್ಲಮ್ಮನಿಗೆ ಕೆಮ್ಮು, ಕಸ ತೆಗೆದರೆ ಏದುಸಿರು. ಕೊಳ್ಳೇಗಾಲದ ಡಾಕ್ಟರು ಎರಡು ಪಂಪು, ಅಂದರೆ ಬಾಯಿಗಿಟ್ಟು ಎಳೆಯುವ ಇನ್ಹೇಲರು, ಕೊಟ್ಟಿದ್ದರು. ಒಂದು ದಿನಾ ಎಳೆದುಕೊಳ್ಳುವುದು, ಇನ್ನೊಂದು ಉಸಿರು ಕಟ್ಟಿದಾಗ. ಕೊಂಚ ಹಗುರಾಗಿದ್ದೇ ತಡ, ದಿನದ ಪಂಪು ಬಿಟ್ಟೇಬಿಟ್ಟಳು. "ಚೆಂದಾಗಿದ್ದಾಗ ಔಸ್ತಿ ಎಳುದ್ರ ಚಟ ಅಂಟ್ಕತ್ತದ" ಎಂದು ಅಕ್ಕಪಕ್ಕದವರು ಹೆದರಿಸಿದ್ದರು. ಹೆದರಿಸುವವರಿಗೆ ನಮ್ಮೂರಲ್ಲಿ ಬರವೇ?

ಆಶಾರಾಣಿ ಎಂಬ ನರ್ಸು ಆಸ್ಪತ್ರೆಯಿಂದ ಆಗಾಗ ಫೋನು ಮಾಡಿ ವಿಚಾರಿಸುತ್ತಾಳೆ ಎಂದೂ ಡಾಕ್ಟರು ಹೇಳಿದ್ದರು. ಆ ಫೋನು ಬಂದಾಗಲೆಲ್ಲ ಶಿವನಂಜಯ್ಯ ಕಟ್ ಮಾಡುತ್ತಿದ್ದ.

"ಫೋನಲ್ಲಿ ಉಸ್ರ ತುಂಬಿ ಕಳಿಸ್ತರಾ? ಮಾಡಕ್ ಕೆಲ್ಸ ಇಲ್ದೋರು!"

ಚನ್ನಮಲ್ಲಮ್ಮ ಯಾರದೆಂದೂ ಕೇಳುತ್ತಿರಲಿಲ್ಲ. ಸಾಯುವವಳಿಗೆ ಯಾರ ಫೋನಾದರೇನು? ಗಂಡ ಹೊಸ ಸೀರೆ ತರುತ್ತೇನೆಂದರೆ "ಉಡೋರ್ಯಾರು?" ಅನ್ನುತ್ತಿದ್ದಳು. ಅಷ್ಟು ಬೇಸತ್ತಿದ್ದಳು ಪಾಪ.

ಹುಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಗಬಗಬ ಮೇಯುತ್ತಿದ್ದ ದಿನ. ಗಂಡ ಸೊಪ್ಪು ಕೊಯ್ಯಲು ಹೋಗಿದ್ದ. ಕಸ ತೆಗೆಯುತ್ತಿದ್ದ ಚನ್ನಮಲ್ಲಮ್ಮನಿಗೆ ಎದೆ ಬಿಗಿಯಿತು. ಹುಳುಮನೆಯ ಬಾಗಿಲಲ್ಲೇ ಕುಕ್ಕರಿಸಿದಳು. ಅವನು ಅಲ್ಲೇ ಬಿಟ್ಟುಹೋಗಿದ್ದ ಫೋನು ಹೊಡೆದುಕೊಂಡಿತು. ಎತ್ತಿಕೊಂಡಳು.

"ಚನ್ನಮಲ್ಲಮ್ಮೋರಾ? ನಾನು ಆಶಾರಾಣಿ. ಉಸಿರು ಹೇಗಿದೆ ಅಮ್ಮಾ?"

"ಅದ ಕಣವ್ವ... ಇನ್ನೂ ಅದ." ಅಷ್ಟು ಹೇಳುವುದರಲ್ಲಿ ದಮ್ಮು ಹತ್ತಿತು. ಅಳು ಒತ್ತರಿಸಿ ಬಂತು. "ನಂಗ ಸಾಕಾಗದ. ಒಂದೇ ಸಲ... ನಿಂತೋದ್ರ ಆಯ್ತಿತ್ತು."

ಆಶಾರಾಣಿ ಬೈಯಲಿಲ್ಲ. "ನಾನು ಫೋನ್ ಇಡಲ್ಲ, ಇಲ್ಲೇ ಇರ್ತೀನಿ. ಉಸಿರು ಕಟ್ಟಿದಾಗ ಎಳೆಯೋ ಪಂಪು ಎಲ್ಲಿದೆ?"

"ಮನೇಲಿ, ದೇವ್ರ ಫೋಟೋ ಹಿಂದ."

"ನೀವೆಲ್ಲಿದ್ದೀರಿ?"

"ಹುಳುಮನ ಬಾಗ್ಲಲ್ಲಿ."

"ಜೊತೇಲಿ ಯಾಕೆ ಇಟ್ಕೊಂಡಿಲ್ಲ?"

"ಅಯ್ಯೋ, ಗ್ಯಾಸಿನ ಔಸ್ತಿ ಕಣವ್ವ! ಹುಳಕ್ಕ ವಾಸ್ನ ಆಗಲ್ಲ. ಊದ್ಬತ್ತಿ ಹಚ್ಚಲ್ಲ, ಹೂವನ್ನೂ ಮುಡಿಯಲ್ಲ ನಾವು. ಬೆಳ ಕೆಟ್ಟೋದ್ರ?"

ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತು ಬಂದ ಶಿವನಂಜಯ್ಯ ಹೆಂಡತಿಯ ಮುಖ ನೋಡಿ ಹೊರೆಯನ್ನು ಅಲ್ಲೇ ಎಸೆದ. "ಮೊದಲು ದೇವರ ಫೋಟೋ ಹಿಂದಿರೋ ಪಂಪು ತನ್ನಿ!" ಸದ್ದು ಕೇಳಿ ಆಶಾರಾಣಿ ಫೋನಿನಲ್ಲೇ ಕೂಗಿದಳು. ಓಡಿದ, ತಂದ.

"ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಬಾಯಿಗಿಟ್ಟು ಒತ್ತಿ, ನಿಧಾನಕ್ಕೆ ಎಳ್ಕೊಳ್ಳಿ. ಹಿಡ್ಕೊಳ್ಳಿ... ಈಗ ಬಿಡಿ."

ಇಷ್ಟಿಷ್ಟೇ ಎದೆ ಸಡಿಲವಾಯಿತು.

"ಇದಕ್ಕೂ ಬಗ್ಗದಿದ್ರೆ, ಮಾತಾಡಕ್ಕೆ ಆಗದಿದ್ರೆ, ತುಟಿ ನೀಲಿಯಾದ್ರೆ ನನ್ನ ಫೋನಿಗೆ ಕಾಯ್ಬೇಡಿ. ತಕ್ಷಣ 108ಕ್ಕೆ ಮಾಡಿ. ಈ ಪಂಪನ್ನ ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ. ಹುಳಕ್ಕೆ ಭಯ ಅಂದ್ರೆ ಬಾಗಿಲಾಚೆ ಬಂದು ಎಳ್ಕೊಳ್ಳಿ, ಅಷ್ಟೆ. ದಿನದ ಪಂಪು ಚೆನ್ನಾಗಿದ್ದಾಗಲೂ ಬಿಡಬೇಡಿ. ಚಟ ಹಿಡಿಯಲ್ಲ. ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀರಿ. ಸುಣ್ಣ, ಕಸ ಎರಡೂ ಯಜಮಾನರ ಕೆಲಸ."

ಶಿವನಂಜಯ್ಯ ಸೊಪ್ಪಿನ ಹೊರೆಯ ಮೇಲೆ ಕೂತು ಫೋನು ಈಸಿಕೊಂಡ.

"ಮೇಡಂ, ನನ್ ತಂಗಿ ಪಂಪೂ ದೇವ್ರ ಫೋಟೋ ಹಿಂದ್ಲೇ ಇತ್ತು. ಹುಳಕ್ಕ ವಾಸ್ನ ಆಗಲ್ಲ ಅಂತ ನಮ್ ಮನೇಲಿ ಕಲ್ತದ್ದ ಅಲ್ಲೂ ಮಾಡ್ದ್ಳು. ತಿಥಿ ಆದ್ಮೇಲ ಸಿಕ್ತು." ಹೆಂಡತಿಯ ಕೈಲಿದ್ದ ಪಂಪು ನೋಡಿದ. "ತುಂಬಿತ್ತು ಮೇಡಂ. ಔಸ್ತಿ ತುಂಬಿತ್ತು."

ಹುಳು ಮೇಯುವ ಸರಸರ ಸದ್ದು ಕೇಳುತ್ತಿತ್ತು. ಅವನು ಕಣ್ಣೊರೆಸಿಕೊಂಡು ತನ್ನ ಎಲೆಅಡಿಕೆ ಚೀಲವನ್ನು ನೆಲಕ್ಕೆ ಕೊಡವಿ, ಪಂಪು ಹಾಕಿ, ಹೆಂಡತಿಯ ಸೊಂಟಕ್ಕೆ ಸಿಕ್ಕಿಸಿದ.

"ಮೇಡಂ, ಮತ್ತ ಯಾವಾಗ ಫೋನ್ ಮಾಡೀರಿ?" ಎಂದು ಅವನೇ ಕೇಳಿದ.

ಮುಳ್ಳೂರಿನವರೇ, ಶಾಗ್ಯದವರೇ, ರಾಮಾಪುರದವರೇ, ಫೋನಿನಲ್ಲಿ ಉಸಿರು ಬರುವುದಿಲ್ಲ, ನಿಜ. ಆದರೆ ಕೇಳಬೇಕಾದ ಮಾತನ್ನು ಕೇಳುವವರು ಬರುತ್ತಾರೆ. ನಿಮ್ಮ ಆಸ್ಪತ್ರೆಯಿಂದ ಅಂಥ ಫೋನು ಬಂದರೆ ಕಟ್ ಮಾಡಬೇಡಿ, ಮುಚ್ಚುಮರೆಯಿಲ್ಲದೆ ಮಾತಾಡಿ. ಬರದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಹಿಡಿದು ಕೇಳಿ. ಪದ್ಮಿನಿಯನ್ನು ಯಾರೂ ಕೇಳಲಿಲ್ಲ. ನಿಮ್ಮನ್ನು ನಾವು ಕೇಳುತ್ತಿದ್ದೇವೆ: ಉಬ್ಬಸ ಇರುವವರೇ, ನಿಮ್ಮ ಪಂಪು ಈಗ ಎಲ್ಲಿದೆ? ಎದ್ದು ಹೋಗಿ ತಂದು ಜೊತೆಗಿಟ್ಟುಕೊಳ್ಳಿ.