ಗಾಳಿಯಲ್ಲಿ ಎರಡು ಕಚಕ್

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಸಮುದ್ರದಾಚೆಯ ಒಂದು ಪ್ರದರ್ಶನದ ಅಡುಗೆಮನೆಯಲ್ಲಿ, ಯಾರೂ ನಡೆಸದೆ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿದ್ದ ರೋಬಾಟ್ ತೋಳೊಂದು ಕಪ್ಪನ್ನು ಹಿಡಿಯುವ ಮೊದಲು ತನ್ನ ಇಕ್ಕಳವನ್ನು ಗಾಳಿಯಲ್ಲಿ ಎರಡು ಸಲ ಕಚಕ್ ಕಚಕ್ ಎಂದು ಆಡಿಸಿತು. ಆಮೇಲೆ ಕಪ್ಪನ್ನು ಅಚ್ಚುಕಟ್ಟಾಗಿ ಎತ್ತಿ ಸ್ಟ್ಯಾಂಡಿನಲ್ಲಿಟ್ಟಿತು. ಎರಡನೇ ಕಪ್ಪಿಗೂ ಹಾಗೇ ಮಾಡಿತು. ಮೂರನೆಯದಕ್ಕೂ. ಯಂತ್ರ ಕೊಳ್ಳಲೆಂದು ಬಂದಿದ್ದವರಲ್ಲಿ ಒಬ್ಬರು ಮೆಲ್ಲಗೆ ಹಿಂದೆ ಸರಿದು, ಕಿವಿ ಮುಟ್ಟಿ ನೋಡಿಕೊಂಡರು.

ಅದರ ವಿಡಿಯೋ ಊಟದ ಹೊತ್ತಿಗೆಲ್ಲ ಟೈರ್ ಅಂಗಡಿಯ ಮೇಲ್ಮಹಡಿಯ ಹಾಲಿಗೆ ಬಂತು. ಆ ತೋಳಿಗೆ ಕೆಲಸ ಕಲಿಸಿದ್ದು ಈ ಹಾಲಿನವರೇ. ಇಲ್ಲಿ ಸಾಲಾಗಿ ಕುರ್ಚಿಗಳು, ಒಂದೊಂದರ ಮುಂದೆ ಒಂದು ಪರದೆ, ಒಂದು ಪುಟಾಣಿ ಉಕ್ಕಿನ ತೋಳು. ಕುರ್ಚಿಯಲ್ಲಿ ಕೂತವರು ಪುಟ್ಟ ತೋಳನ್ನು ಹಿಡಿದು ಆಡಿಸಿದಂತೆ ಎಲ್ಲೋ ದೂರದ ಅಡುಗೆಮನೆಯ ದೊಡ್ಡ ತೋಳು ಆಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕಪ್ಪು ಎತ್ತುವುದು, ಇಡುವುದು, ಮತ್ತೆ ಎತ್ತುವುದು. ಪ್ರತಿಯೊಂದು ಸಲವೂ ಒಂದು ಕ್ಲಿಪ್ಪಾಗಿ ದಾಖಲಾಗುತ್ತದೆ. ಇಂಥ ಕ್ಲಿಪ್ಪುಗಳನ್ನು ರಾಶಿ ರಾಶಿ ನುಂಗಿದ ಮೇಲೆ ಯಂತ್ರ ತಾನೇ ಕಪ್ಪು ಎತ್ತಲು ಕಲಿಯುತ್ತದೆ. ಯಾವುದು ಕೆಲಸ, ಯಾವುದು ಚಾಳಿ ಎಂದು ಅದಕ್ಕೆ ತಿಳಿಯುವುದಿಲ್ಲ. ಕಂಡದ್ದನ್ನೆಲ್ಲ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ಮೇಡಂ ವಿಡಿಯೋವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದರು. ಅವರು ಈ ಹಾಲಿನ ಮುಖ್ಯಸ್ಥೆ. ಬಂದು ಒಂದು ತಿಂಗಳೂ ಆಗಿರಲಿಲ್ಲ. ಯಾರ ಹೆಸರೂ ಗೊತ್ತಿಲ್ಲ, ಎಲ್ಲರೂ ಅವರಿಗೆ ಸೀಟು ನಂಬರುಗಳೇ.

"ಇದೇನಿದು? ಕಪ್ ಎತ್ತೋಕೆ ಮುಂಚೆ ಚಪ್ಪಾಳೆ ಹೊಡೀತಿದೆ! ಯಾರ ಕೈಯಿಂದ ಬಂತು ಈ ರೋಗ?"

ಏಳನೇ ಸೀಟಿನಲ್ಲಿದ್ದ ಕಟಿಂಗಣ್ಣ ಮೊದಲು ಎಲ್ಲರ ಜೊತೆ ನಕ್ಕ. ಆಮೇಲೆ ತೊಡೆಯ ಮೇಲಿದ್ದ ತನ್ನ ಬಲಗೈಯನ್ನು ನೋಡಿಕೊಂಡ. ಹೆಬ್ಬೆರಳು ಮತ್ತು ಉಂಗುರದ ಬೆರಳು ಪರದೆಯ ಮೇಲಿನ ಇಕ್ಕಳದ ತಾಳಕ್ಕೆ ಸರಿಯಾಗಿ ಎರಡು ಸಲ ಆಡಿದವು. ನೀರು ಕುಡಿಯುವ ನೆಪದಲ್ಲಿ ಎದ್ದ.

ಈ ಹಾಲಿಗೆ ಬರುವ ಮುಂಚೆ ಅವನದು ಹೇರ್ ಕಟಿಂಗ್ ಅಂಗಡಿ. ಒಂದು ಎಳೆ ಕತ್ತರಿಸಿ ಇನ್ನೊಂದಕ್ಕೆ ಹೋಗುವಾಗ ಆ ಕೆಲಸದವರ ಕತ್ತರಿ ಸುಮ್ಮನಿರುವುದಿಲ್ಲ. ಗಾಳಿಯಲ್ಲೇ ಎರಡು ಸಲ ಬಾಯಿ ಆಡಿಸುತ್ತದೆ. ಯಾಕೆಂದು ಕೇಳಿದರೆ ಅವರೂ ಹೇಳಲಾರರು. ಆಯುಷ್ಯದ ಮುಕ್ಕಾಲು ಪಾಲು ಊರಿನವರನ್ನೆಲ್ಲ ಕೂರಿಸಿ ತಾನು ನಿಂತೇ ಇದ್ದ ಕಟಿಂಗಣ್ಣನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. "ಇನ್ನು ನಿಂತು ಮಾಡುವ ಕೆಲಸ ಬಿಟ್ಟುಬಿಡಿ. ಇಲ್ಲದಿದ್ದರೆ ಕಾಲೇ ನಿಮ್ಮನ್ನು ಬಿಡುತ್ತದೆ" ಎಂದಿದ್ದರು ಡಾಕ್ಟರು. ಅಂಗಡಿಯನ್ನು ಕುರ್ಚಿ, ಕನ್ನಡಿ, ಕತ್ತರಿ ಸಮೇತ ಮಾರಿದ. ಅವನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಈ ಹಾಲಿನಲ್ಲಿ ಕ್ಲಿಪ್ಪು ಪರೀಕ್ಷಿಸುವವನು. ಅವನೇ ಹೇಳಿ ಕೆಲಸ ಕೊಡಿಸಿದ. ಕೆಳಗೆ ಗಾಲಿ, ಬೆನ್ನಿಗೆ ಮೆತ್ತೆ ಇದ್ದ ಆ ಕುರ್ಚಿಯಲ್ಲಿ ಮೊದಲ ದಿನ ಕೂತಾಗ ಕಟಿಂಗಣ್ಣನಿಗೆ ಕಣ್ಣಲ್ಲಿ ನೀರು ಬಂದಿತ್ತು. ಈಗ ಅದೇ ಕುರ್ಚಿ ಕೈತಪ್ಪುವ ಹಾಗಿತ್ತು.

ನೀರಿನ ಫಿಲ್ಟರಿನ ಹತ್ತಿರ ಭಾವಮೈದ ಕಾಯುತ್ತಿದ್ದ. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ಭಾವ, ಅದು ನಿಮ್ಮ ಕತ್ತರಿ."

"ಕತ್ತರಿ ಮಾರಿ ಯಾವ ಕಾಲ ಆಯ್ತು!"

"ಕತ್ತರಿ ಮಾರಿದ್ರಿ. ಕೈ ನಿಮ್ಮತ್ರಾನೇ ಇಟ್ಕೊಂಡ್ರಿ."

"ಅಲ್ಲ ಕಣೋ, ಒಂದೊಂದು ಕ್ಲಿಪ್ಪೂ ನೋಡಿ ಪಾಸ್ ಮಾಡೋನು ನೀನು. ಕಣ್ಣು ಎಲ್ಲಿಟ್ಟಿದ್ದೆ?"

"ನೋಡಿದ್ದೀನಿ, ನಾಲ್ಕು ಪಟ್ಟು ಸ್ಪೀಡಲ್ಲಿ. ಆ ಸ್ಪೀಡಲ್ಲಿ ನಿಮ್ಮ ಕೈ ಸ್ವಲ್ಪ ನಡುಗಿದ ಹಾಗೆ ಕಾಣುತ್ತೆ. ವಯಸ್ಸಾಯ್ತಲ್ಲ ಪಾಪ ಅಂದ್ಕೊಂಡೆ."

"ವಯಸ್ಸು ನಿಮ್ಮಪ್ಪನಿಗೆ!"

"ಭಾವ, ಅವರು ನಿಮಗೆ ಮಾವ ಆಗ್ಬೇಕು. ಇರ್ಲಿ. ನಿಮ್ಮ ಕ್ಲಿಪ್ಪು ನಾನು ರಿಜೆಕ್ಟ್ ಮಾಡಿದ್ರೆ ಸಂಜೆ ಅಕ್ಕ ನನ್ನನ್ನ ರಿಜೆಕ್ಟ್ ಮಾಡಲ್ವಾ? ಈಗ ಸಿಕ್ಕಿಬಿದ್ರೆ ಮೊದಲು ನೀವು, ನಿಮ್ಮ ಹಿಂದೆ ನಾನು."

ಅಷ್ಟರಲ್ಲಿ ಒಳಗಿನಿಂದ ಮೇಡಂ ಕೂಗಿದರು. ಪ್ರತಿಯೊಬ್ಬರೂ ಮೇಡಂ ಕಣ್ಣೆದುರೇ ಒಂದು ಕಪ್ಪು ಎತ್ತಿ ಇಡಬೇಕು. ಕಚಕ್ ಎಂದವರು ಬ್ಯಾಗು ತಗೊಂಡು ಮನೆಗೆ. ಮೊದಲನೇ ಸೀಟಿನಿಂದ ಶುರು.

ಕಟಿಂಗಣ್ಣ ತನ್ನ ಸೀಟಿಗೆ ಮರಳಿ ಬಲಗೈಯನ್ನು ತೊಡೆಯಡಿಗೆ ಸೇರಿಸಿ ಅದರ ಮೇಲೆ ಕೂತ. ಶಾಲೆಯಲ್ಲಿ ಮಾಡಿದ್ದ ಕೆಲಸ. ಕೈ ಅಲ್ಲೂ ಮಿಸುಕಿತು.

ಮೊದಲನೇ ಸೀಟಿನಲ್ಲಿದ್ದದ್ದು ಕಾಲೇಜು ಮುಗಿಸಿ ನೇರ ಇಲ್ಲಿಗೆ ಬಂದಿದ್ದ ಹುಡುಗಿ. ಮೇಡಂ ಅವಳ ಬೆನ್ನಿಗೇ ಕುರ್ಚಿ ಹಾಕಿಕೊಂಡು ಕೂತರು. ಹುಡುಗಿ ಪುಟ್ಟ ತೋಳನ್ನು ಹಿಡಿದಳು. ದೂರದ ಇಕ್ಕಳ ಕಪ್ಪಿನ ಮೇಲೆ ಬಂದು ನಿಂತಿತು. ಕಚಕ್ ಕಚಕ್.

"ಸಿಕ್ಕಿದ್ಲು!" ಎಂದರು ಮೇಡಂ.

ಎರಡನೇ ಸೀಟು. ಕಚಕ್ ಕಚಕ್.

ಮೂರನೇ ಸೀಟಿನವನು ಉತ್ಸಾಹಿ. ಅವನು ಮೂರು ಸಲ ಕಚಕ್ ಅನ್ನಿಸಿದ. ಐದನೇ ಸೀಟಿನವನು ಕಪ್ಪು ಇಟ್ಟಾದ ಮೇಲೆ ಕೊನೆಗೊಂದು ಕಚಕ್ ಉಡುಗೊರೆ ಕೊಟ್ಟ. ಆರನೇ ಸೀಟಿಗೆ ಬರುವ ಹೊತ್ತಿಗೆ ಮೇಡಂ ಹಣೆ ಹಿಡಿದುಕೊಂಡಿದ್ದರು.

"ಏನ್ರೀ ಇದು? ಎಲ್ರೂ ಯಾಕ್ರೀ ಹೀಗ್ಮಾಡ್ತಿದ್ದೀರಿ?"

"ಹಾಗೇ ಅಲ್ವಾ ಮೇಡಂ ಮಾಡ್ಬೇಕಾಗಿರೋದು?" ಹುಡುಗಿ ಅಳುವ ಹಾಗಿದ್ದಳು. "ಟ್ರೈನಿಂಗ್ ವಿಡಿಯೋದಲ್ಲಿ ಹಾಗೇ ಇದೆ."

"ಸೆನ್ಸರ್ ಎಚ್ಚರ ಆಗ್ಲಿ ಅಂತ," ಎಂದ ಮೂರನೆಯವನು.

"ಇಕ್ಕಳ ಬಿಸಿ ಮಾಡ್ಕೊಳ್ಳೋಕಲ್ವಾ?" ಎಂದ ಐದನೆಯವನು.

ನಡೆದದ್ದು ಇಷ್ಟೇ. ಹಾಲಿನಲ್ಲಿ ಎಲ್ಲರಿಗಿಂತ ಚುರುಕು ಕೈ ಕಟಿಂಗಣ್ಣನದು. ಹೊಸಬರಿಗೆ ಮಾದರಿ ವಿಡಿಯೋ ಬೇಕೆಂದಾಗ ಭಾವಮೈದ ಭಾವನ ಕ್ಲಿಪ್ಪುಗಳನ್ನೇ ಆರಿಸಿ ಕೊಟ್ಟಿದ್ದ. ಹೊಸಬರು ಅದನ್ನು ಮಾಮೂಲಿ ವೇಗದಲ್ಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಕಲಿತಿದ್ದರು. ಯಂತ್ರ ಕಲಿತದ್ದು ಒಬ್ಬ ಮಾಸ್ತರನಿಂದಲ್ಲ, ಇಡೀ ಶಾಲೆಯಿಂದ.

"ಆ ವಿಡಿಯೋದಲ್ಲಿ ಇರೋದು ಯಾರು?" ಮೇಡಂ ಭಾವಮೈದನ ಕಡೆ ತಿರುಗಿದರು.

"ಅದರಲ್ಲಿ ತೋಳು ಮಾತ್ರ ಇರೋದು ಮೇಡಂ. ಮುಖ ಇಲ್ಲ."

"ಆಮೇಲೆ ನೋಡ್ತೀನಿ ನಿನ್ನ. ಏಳನೇ ಸೀಟು!"

ಕಟಿಂಗಣ್ಣ ಕೈ ಬಿಡಿಸಿಕೊಂಡ. ಬೆರಳು ಜೋಮು ಹಿಡಿದಿದ್ದವು, ಅದೇ ಒಳ್ಳೆಯದಾಯಿತು. ಇಕ್ಕಳ ಕಪ್ಪಿನ ಮೇಲೆ ಬಂತು. ಹೆಬ್ಬೆರಳು ತುರಿಸಿತು. ಅವನು ನಾಲಿಗೆ ಕಚ್ಚಿ ಹಿಡಿದ. ಕಪ್ಪನ್ನು ಕಪ್ಪೆಂದೇ ನೋಡು, ತಲೆಯೆಂದು ನೋಡಬೇಡ ಎಂದು ತನಗೇ ಹೇಳಿಕೊಂಡ. ಇಕ್ಕಳ ಬಾಯಿ ತೆರೆದು, ಆಮೆಗಿಂತ ನಿಧಾನವಾಗಿ ಇಳಿದು, ಕಪ್ಪಿನ ಹಿಡಿಯನ್ನು ಕಚ್ಚಿತು. ಭಾವಮೈದ ಗೋಡೆಗೆ ಹಲ್ಲಿಯಂತೆ ಅಂಟಿ ನಿಂತಿದ್ದ. ಕಪ್ಪು ಎದ್ದಿತು, ತೇಲಿತು, ಸ್ಟ್ಯಾಂಡಿನಲ್ಲಿ ಕೂತಿತು. ಎಲ್ಲೂ ಕಚಕ್ ಅನ್ನಲಿಲ್ಲ.

"ಅಬ್ಬ!" ಮೇಡಂ ಎದ್ದೇ ನಿಂತರು. "ಇಷ್ಟು ಜನರಲ್ಲಿ ಒಬ್ರಿಗಾದ್ರೂ ಶಿಸ್ತು ಅಂತ ಇದೆ. ನೋಡಿ ಕಲೀರಿ!"

ಉಳಿದ ಸೀಟುಗಳೂ ಮುಗಿದವು. ಕಚಕ್ ಎನ್ನದವನು ಅವನೊಬ್ಬನೇ. ಎಲ್ಲರನ್ನೂ ಮನೆಗೆ ಕಳಿಸಿದರೆ ಹಾಲಿನಲ್ಲಿ ಫ್ಯಾನುಗಳಷ್ಟೇ ಉಳಿಯುತ್ತಿದ್ದವು. ಹಾಗಾಗಿ ಯಾರನ್ನೂ ಕಳಿಸಲಿಲ್ಲ. ವಿಡಿಯೋದ ತೋಳು ಯಾರದೆಂಬ ಪ್ರಶ್ನೆಯೂ ಆ ಗಲಾಟೆಯಲ್ಲಿ ಮೂಲೆ ಸೇರಿತು.

"ಕಟಿಂಗಣ್ಣ, ನಿಮಗೆ ಆ ವಿಡಿಯೋ ತೋರಿಸ್ಲೇ ಇಲ್ವಾ?" ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು ಮೊದಲನೇ ಸೀಟಿನ ಹುಡುಗಿ.

"ನಾನು ಸೇರಿದಾಗ ಅದು ಇರ್ಲಿಲ್ಲಮ್ಮ," ಎಂದ ಅವನು. ಇದು ಅಕ್ಷರಶಃ ನಿಜ.

ಮೇಡಂ ಹತ್ತಿರ ಬಂದರು. "ಸೋಮವಾರದಿಂದ ನೀವೇ ಟ್ರೈನರ್. ಎಲ್ರ ಕೈಯಿಂದ ಈ ಚಾಳಿ ಬಿಡಿಸ್ಬೇಕು. ಎಲ್ಲಾ ಕ್ಲಿಪ್ಪೂ ಹೊಸದಾಗಿ ಮಾಡ್ಸೋಣ."

"ಆಗ್ಲಿ ಮೇಡಂ. ಇಲ್ಲೇ ಕೂತು ನೋಡ್ಕೋತೀನಿ."

"ಕೂತಾ? ಟ್ರೈನರ್‌ಗೆ ಎಲ್ಲಿಯ ಸೀಟು? ಸಾಲಿನ ಹಿಂದೆ ನಿಂತ್ಕೊಂಡು ಎಲ್ರ ಕೈ ಮೇಲೂ ಕಣ್ಣಿಡ್ಬೇಕು, ಶಿಫ್ಟ್ ಪೂರ್ತಿ. ಈ ಕುರ್ಚಿಗೆ ಹೊಸಬರು ಬರ್ತಾರೆ."

"ಮೇಡಂ, ನನಗೆ ಈ ಸೀಟೇ ಸಾಕು."

"ಈ ಸಂಕೋಚ ಎಲ್ಲ ಬೇಡ!"

ಕುರ್ಚಿ ಉಳಿಸಿಕೊಳ್ಳಬೇಕಾದರೆ ತನಗೆ ಶಿಸ್ತಿಲ್ಲವೆಂದು ತೋರಿಸಬೇಕು. ತೋರಿಸಿದರೆ ಕುರ್ಚಿಯ ಜೊತೆ ಕೆಲಸವೂ ಹೋಗುತ್ತದೆ. ಕಟಿಂಗಣ್ಣ ಬಾಯಿ ತೆರೆದ. ಮೇಡಂ ಬೆನ್ನ ಹಿಂದೆ ಭಾವಮೈದ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದ. "ಆಗ್ಲಿ ಮೇಡಂ, ನಿಂತೇ ನೋಡ್ಕೋತೀನಿ," ಎಂದ ಕಟಿಂಗಣ್ಣ.

ಸಂಜೆ ಹೆಂಡತಿ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳು. "ಡಾಕ್ಟ್ರು ಏನ್ ಹೇಳಿದ್ರು, ನೀವೇನ್ ಒಪ್ಕೊಂಡ್ ಬಂದ್ರಿ?"

"ನಿನ್ನ ಮುದ್ದಿನ ತಮ್ಮನ್ನ ಕೇಳು."

"ಅವನ ತಂಟೆಗೆ ಹೋಗ್ಬೇಡಿ. ನಿಮ್ಮ ಕಾಲು ನೋಡ್ಕೊಳ್ಳಿ ಮೊದ್ಲು."

ಕಾಲಿಗೆ ಬಿಗಿಯಾದ ಪಟ್ಟಿ ಸುತ್ತಿಕೊಂಡು ಅವನು ಸೋಮವಾರ ಸಾಲಿನ ಹಿಂದೆ ನಿಂತ. ಮಧ್ಯಾಹ್ನದೊಳಗೆ ಮೂವರು ಮೇಡಂ ಹತ್ತಿರ ದೂರು ತೆಗೆದುಕೊಂಡು ಹೋದರು. ಹೊಸ ಟ್ರೈನರ್ ಬೆನ್ನ ಹಿಂದೆ ಬಂದು ನಿಂತವನೇ ಎರಡು ಬೆರಳಿಟ್ಟು ಕೂತವರ ತಲೆ ಬಗ್ಗಿಸುತ್ತಾನೆ, ಒಬ್ಬನಿಗಂತೂ ಅಲ್ಲಾಡಬೇಡ ಎಂದು ಗದರಿದ್ದಾನೆ.