ಹೊಲಿಗೆಯ ತಪ್ಪು

ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಅಡುಗೆಮನೆಯಿಂದ ಟಿಕ್, ಟಿಕ್ ಎಂದು ಸಣ್ಣ ಸದ್ದು ಬಂತು. ಹಿಂದೆಯೇ ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಹೋದ ಗುರುವಾರವೂ ಇದೇ ಸದ್ದು ಕೇಳಿತ್ತಲ್ಲ ಎಂದುಕೊಳ್ಳುತ್ತ ಅತ್ತಿಗೆ ಎದ್ದು ಹೋದಳು. ದೀಪವಿಲ್ಲದ ಅಡುಗೆಮನೆಯಲ್ಲಿ ನಾದಿನಿ ನಿಂತಿದ್ದಳು.

“ಇದೇನೇ, ಕತ್ತಲಲ್ಲಿ?”

“ನೀರು ಕುಡಿಯೋಕೆ ಬಂದೆ ಅತ್ತಿಗೆ. ನೀವು ಮಲ್ಕೊಳ್ಳಿ.”

ಅವಳ ಕೈಯಲ್ಲಿ ಲೋಟವಿರಲಿಲ್ಲ. ಅತ್ತಿಗೆ ಅದನ್ನು ಗಮನಿಸಿದಳು, ಆದರೆ ಕೆದಕಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಚಿಂತೆ ಕೊರೆಯುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಹದಿನಾರು ವರ್ಷಗಳಲ್ಲಿ ಅವಳು ಹೊಲಿದ ಬಟ್ಟೆ ವಾಪಸ್ಸು ಬಂದದ್ದು ಬೆರಳೆಣಿಕೆಯಷ್ಟು. ಈಗ ಮನೆಯ ಹುಡುಗಿಯೇ, ಹಲ್ಲಿನ ಆಸ್ಪತ್ರೆಯಲ್ಲಿ ಸ್ವಾಗತದ ಮೇಜು ನೋಡಿಕೊಳ್ಳುವ ನಾದಿನಿ, ಯೂನಿಫಾರ್ಮಿನ ಶರ್ಟನ್ನು ಎರಡು ಸಲ ವಾಪಸ್ಸು ಕೊಟ್ಟಿದ್ದಳು. ಮೊದಲ ಸಲ ಅತ್ತಿಗೆ ಕತ್ತಿನ ಪಟ್ಟಿಯ ಲೇಬಲ್ ಕಿತ್ತಳು. ಎರಡನೆಯ ಸಲ ಒಳಗೆ ಮೆತ್ತನೆಯ ಲೈನಿಂಗ್ ಕೊಟ್ಟಳು. ಮರುದಿನ ಸಂಜೆ ಅದೇ ಶರ್ಟು ಮತ್ತೆ ಮೇಜಿನ ಮೇಲೆ ಬಂದು ಬಿತ್ತು.

“ಇನ್ನೂ ಚುಚ್ಚುತ್ತೆ ಅತ್ತಿಗೆ.”

ಲಂಗದ ಅಂಚು ಮಡಚಿಸಲು ಬಂದಿದ್ದ ಟೀಚರಮ್ಮ ನಕ್ಕರು. “ಮನೆಯವರಿಗೇ ಚುಚ್ಚಿದ್ರೆ ನಮ್ಮ ಗತಿ ಏನಮ್ಮ?”

ಅತ್ತಿಗೆಯ ಮುಖ ಸಣ್ಣಗಾಯಿತು. ಅಂದು ಕೂತವಳು ಇಡೀ ಶರ್ಟನ್ನು ಬಿಚ್ಚಿ, ಒಳಗಿರಬೇಕಾದ ಹೊಲಿಗೆಯನ್ನೆಲ್ಲ ಹೊರಗೆ ಬರುವಂತೆ ಹೊಲಿದಳು. ಇನ್ನು ಚುಚ್ಚಿದರೆ ಗಾಳಿಯೇ ಚುಚ್ಚಬೇಕು ಎಂದು ಗೊಣಗಿಕೊಂಡಳು. ನಾದಿನಿ ಆ ಉಲ್ಟಾ ಶರ್ಟಿನ ಮೇಲೆ ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗಿ ಬಂದಳು.

“ಈಗ?”

ಅವಳ ಕಣ್ಣು ತುಂಬಿತು. “ಉರೀತಾ ಇದೆ ಅತ್ತಿಗೆ.”

“ನನ್ನ ಕೆಲಸ ಹಿಡಿಸದಿದ್ರೆ ಬಾಯಿಬಿಟ್ಟು ಹೇಳು. ಹೊರಗೆ ಎಲ್ಲಾದ್ರೂ ಹೊಲಿಸ್ಕೋ,” ಎನ್ನುತ್ತ ಅತ್ತಿಗೆ ಅಳತೆ ಪಟ್ಟಿಯನ್ನು ಅವಳ ಹೆಗಲಿಗೆ ಹಾಕಿದ್ದೇ ತಡ, ಅವಳು ಮೈಮೇಲೆ ಕೆಂಡ ಬಿದ್ದವಳಂತೆ ಚೀರಿದಳು.

ಅತ್ತಿಗೆ ಗಾಬರಿಯಿಂದ ಶಟರ್ ಎಳೆದು, ದೀಪದ ಕೆಳಗೆ ಅವಳ ಹೆಗಲು, ಬೆನ್ನು ನೋಡಿದಳು. ಕೆಂಪಿಲ್ಲ, ಗುಳ್ಳೆಯಿಲ್ಲ, ಒಂದು ಗೀರೂ ಇಲ್ಲ. ಬೆರಳ ಹಿಂಬದಿ ಸೋಕಿದರೆ ಸಾಕು, ಹುಡುಗಿ ಮುದುಡಿಕೊಳ್ಳುತ್ತಿದ್ದಳು.

“ಬಿಸಿಲಲ್ಲಿ ಸುಟ್ಟ ಹಾಗಾಗುತ್ತೆ. ರಾತ್ರಿ ಹೊದಿಕೆ ತಾಗಿದ್ರೂ ನಿದ್ದೆ ಬರಲ್ಲ. ಮೈಗೆ ನೀರು ಬಿದ್ರೂ ಉರಿ.”

ನೀರಿಗೆ ಯಾವ ಹೊಲಿಗೆ? ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಲೋಟವಿಲ್ಲದ ಆ ಕೈ ನೆನಪಾಯಿತು.

“ರಾತ್ರಿ ಫ್ರಿಜ್ಜಿಂದ ಏನು ತೆಗೀತೀಯ, ನಿಜ ಹೇಳು.”

ನಾದಿನಿ ಒಳಗೆ ಹೋಗಿ ಒಂದು ಡಬ್ಬಿ ತಂದಳು. ಅದರಲ್ಲಿ ದಪ್ಪ ಪೆನ್ನಿನಂಥ ಸಿರಿಂಜು. ತೂಕ ಇಳಿಸುವ ಇಂಜೆಕ್ಷನ್, ವಾರಕ್ಕೊಂದು, ನಾಲ್ಕು ತಿಂಗಳಿಂದ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಾಳೆ. ಡೋಸ್ ತಿರುಗಿಸುವಾಗ ಅದು ಟಿಕ್ ಎನ್ನುತ್ತದೆ.

“ಯಾವ ಡಾಕ್ಟರು ಬರೆದ್ರು?”

“ಡಾಕ್ಟರಿಲ್ಲ. ಜಿಮ್ಮಲ್ಲಿ ಒಬ್ಬರು ಕೊಡ್ತಾರೆ. ಬೇಗ ಇಳೀಲಿ ಅಂತ ಹೋದ ತಿಂಗಳು ನಾನೇ ಡೋಸ್ ಜಾಸ್ತಿ ಮಾಡ್ಕೊಂಡೆ.”

“ತಲೆ ಕೆಟ್ಟಿದೆಯೇನೇ? ನಿನ್ನನ್ನ ಯಾರು ಏನಂದ್ರು ಅಂತ?”

“ಯಾರು ಏನನ್ನಲಿಲ್ಲ ಹೇಳಿ. ಅಣ್ಣನ ಬಾಯಲ್ಲಿ ಚಿಕ್ಕಂದಿನಿಂದ ನಾನು ಬನ್ನು. ಹೋದ ವರ್ಷ ಯೂನಿಫಾರ್ಮಿಗೆ ಅಳತೆ ತಗೊಂಡು ನೀವು ‘ಸೊಂಟ ನಲವತ್ತಾರು, ಬಟ್ಟೆ ಸಾಲಲ್ಲ’ ಅಂತ ಕೂಗಿದ್ರಿ. ಅಂಗಡೀಲಿ ನಾಲ್ಕು ಜನ ಇದ್ರು.”

“ಅದು ಅಭ್ಯಾಸ ಕಣೇ. ಕೂಗಿ ಹೇಳದಿದ್ರೆ ನನಗೆ ಮರೆತೇ ಹೋಗುತ್ತೆ.”

“ನಿಮಗದು ಬರೀ ನಂಬರು. ಅವರು ತಿರುಗಿ ನೋಡಿದ್ದು ನನ್ನ.” ಅವಳು ಡಬ್ಬಿ ಮುಚ್ಚಿದಳು. “ಹನ್ನೊಂದು ಕೆಜಿ ಇಳಿದಿದ್ದೀನಿ ಅತ್ತಿಗೆ. ಮಂಡಿ ನೋವಿಲ್ಲ, ಮೆಟ್ಟಿಲು ಹತ್ತಿದ್ರೆ ಏದುಸಿರಿಲ್ಲ. ಇದನ್ನ ಬಿಡು ಅಂತೀರಾ?”

“ಬಿಡು ಅನ್ನೋಕೆ ನಾನ್ಯಾವ ಡಾಕ್ಟರು? ಗೊತ್ತಿರೋರನ್ನ ಕೇಳೋಣ.”

“ಅಣ್ಣನಿಗೆ ಮಾತ್ರ ಹೇಳ್ಬೇಡಿ. ಊರೆಲ್ಲ ನಗಿಸ್ತಾನೆ.”

ಮರುದಿನ ಹುಡುಗಿಯನ್ನು ನೋಡಿದ ಡಾಕ್ಟರಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಬೈಯಲಿಲ್ಲ.

“ಔಷಧಿ ಕೆಟ್ಟದ್ದಲ್ಲಮ್ಮ, ಬೇಕಾದವರಿಗೆ ನಾನೂ ಬರೀತೀನಿ. ಆದ್ರೆ ಸಣ್ಣ ಡೋಸಿಂದ ಶುರುಮಾಡಿ, ನೋಡ್ಕೊಂಡು ಏರಿಸ್ತೀವಿ. ಡೋಸ್ ಏರಿದಾಗ ಕೆಲವರಿಗೆ ಚರ್ಮ ಹೀಗೆ ಸೂಕ್ಷ್ಮ ಆಗೋದುಂಟು. ಮೇಲೆ ಏನೂ ಕಾಣಲ್ಲ. ಸಾಮಾನ್ಯವಾಗಿ ಕಡಿಮೆಯಾಗುತ್ತೆ. ನಿಮಗೂ ಅದೇ ಇರಬಹುದು. ಬೇರೆ ಕಾರಣ ಇದೆಯಾ ಅಂತ ರಕ್ತ ಪರೀಕ್ಷೆ ಮಾಡೋಣ. ಈ ಪೆನ್ನಲ್ಲಿ ನಿಜಕ್ಕೂ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದನ್ನ ಇವತ್ತೇ ನಿಲ್ಲಿಸಿ. ಮುಂದೆ ಬೇಕೋ ಬೇಡವೋ, ಕೂತು ಮಾತಾಡೋಣ.”

“ಡಾಕ್ಟ್ರೇ, ಹೊಲಿಗೆಯಿಂದ ಏನಾದ್ರೂ...” ಅತ್ತಿಗೆ ಕೇಳಿಯೇಬಿಟ್ಟಳು.

“ಪಾಪ, ಹೊಲಿಗೆ ಏನು ಮಾಡೀತು?”

ಅತ್ತಿಗೆಗೆ ಎದೆಯ ಭಾರ ಇಳಿದಂತಾಯಿತು. ಪಕ್ಕದಲ್ಲಿ ಹುಡುಗಿ ಕುರ್ಚಿಗೆ ಬೆನ್ನು ತಾಗಿಸದೆ ಕೂತಿರುವುದನ್ನು ಕಂಡು ನಾಚಿಕೆಯೂ ಆಯಿತು.

ಉರಿ ಇಳಿಯಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಅತ್ತಿಗೆ ಅಳತೆಯನ್ನು ಕೂಗದೆ ತಾನೇ ಬರೆದುಕೊಳ್ಳಲು ಶುರುಮಾಡಿದ್ದಳು. ಬಾಯಲ್ಲಿ ಪಿನ್ನು, ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ಸಿಲ್. ಅವಸರದಲ್ಲಿ ಅಂಕಿ ತಪ್ಪಿ ಒಬ್ಬರ ತೋಳು ಎರಡಿಂಚು ಗಿಡ್ಡವಾಯಿತು. ಮತ್ತೆ ಕತ್ತರಿಸಿ ಕೊಟ್ಟಳು.

ಒಂದು ಭಾನುವಾರ ಅಂಗಡಿ ತುಂಬಿತ್ತು. ಗಂಡ ಬಾಗಿಲಿಗೆ ಒರಗಿಕೊಂಡು ತಂಗಿಯನ್ನು ಕೆಣಕಿದ.

“ಏನಮ್ಮ ಬನ್ನು, ಶರ್ಟು ಈಗ ಚುಚ್ಚಲ್ವಾ? ಮೂರು ಸಲ ಬಿಚ್ಚಿಸಿದ್ಯಂತೆ. ಏನಾಗಿತ್ತು ನಿನಗೆ?”

ಗುಂಡಿ ಹೊಲಿಯುತ್ತಿದ್ದ ನಾದಿನಿಯ ಕೈ ನಿಂತಿತು. ಟೀಚರಮ್ಮ ಕನ್ನಡಕ ಸರಿಪಡಿಸಿಕೊಂಡರು. “ಅದೂ ನಿಜ. ಎಷ್ಟು ಇಳಿದುಹೋಗಿದ್ದಾಳೆ. ಏನೋ ಇದೆ ಬಿಡಿ.”

ಅತ್ತಿಗೆ ಬಾಯಿಂದ ಪಿನ್ನು ತೆಗೆದಳು. “ಅವಳಿಗೇನಾಗಿತ್ತು? ತಪ್ಪು ನನ್ನದು. ದಪ್ಪ ದಾರ ಹಾಕಿ ಹೊಲಿದುಬಿಟ್ಟಿದ್ದೆ.”

“ನೀನಾ?”

“ಹೌದು, ನಾನೇ. ಮತ್ತೆ, ಅವಳೇನು ಬೇಕರೀಲಿ ಹುಟ್ಟಿದ್ಲಾ? ಬನ್ನು ಅನ್ನೋದು ಸಾಕು ಮಾಡಿ.”

“ಹಾಗಾದ್ರೆ ನನ್ನದಕ್ಕೆ ಸಣ್ಣ ದಾರ ನೋಡಿ ಹಾಕಮ್ಮ!” ಎಂದರು ಟೀಚರಮ್ಮ. ಅಂಗಡಿಗೆ ಅಂಗಡಿಯೇ ನಕ್ಕಿತು. ಸಂಜೆಯೊಳಗೆ ಈ ಮಾತು ಬೀದಿಯ ಕೊನೆ ಮುಟ್ಟುತ್ತದೆಂದು ಅತ್ತಿಗೆಗೆ ಗೊತ್ತಿತ್ತು. ನಾದಿನಿ ತಲೆಯೆತ್ತದೆ ಗುಂಡಿ ಹೊಲಿಯತೊಡಗಿದಳು.

ಎಲ್ಲರೂ ಹೋದ ಮೇಲೆ ಗಂಡ ಶಟರ್ ಎಳೆಯುತ್ತ ಕೇಳಿದ. “ದಪ್ಪ ದಾರ ಹಾಕೋಳಲ್ಲ ನೀನು. ನಿಜ ಹೇಳು, ಏನಾಗಿತ್ತು?”

ಅವನು ಕೆಟ್ಟವನಲ್ಲ, ಹೇಳಿದರೆ ನೊಂದುಕೊಳ್ಳುತ್ತಿದ್ದ. ನಾಲ್ಕು ದಿನ ಬಿಟ್ಟು ಅದನ್ನೂ ತಮಾಷೆ ಮಾಡುತ್ತಿದ್ದ. ಹೇಳುವುದಿದ್ದರೆ ಹುಡುಗಿಯೇ ಹೇಳಲಿ, ಅವಳಿಗೆ ಬೇಕೆನಿಸಿದಾಗ, ಬೇಕಾದವರಿಗೆ. ತನ್ನ ಬಾಯಿಂದ ಆ ಮಾತು ಗಂಡನಿಗಾಗಲಿ, ತನ್ನ ತವರಿನವರಿಗಾಗಲಿ, ಯಾರಿಗೂ ಹೋಗಬಾರದು.

“ಹಾಕಿದ್ದೆ ರೀ. ಕಣ್ಣು ಮಂದ ಆಗಿರಬೇಕು,” ಎಂದು ಅತ್ತಿಗೆ ದೀಪ ಆರಿಸಿದಳು.